ಗುಂಡಿಗೆ ಅದರದೇ ಮಣ್ಣು

ಕರಿಪಟ್ಟಿ. ಬೇಸಿಗೆ ಎರಡು ಸಲ ಬಂದ ವರ್ಷ, ಅಲುಗುದಿನ ಕಳೆದ ಮೇಲಿನ ಮೊದಲ ಅಮಾವಾಸ್ಯೆ.

ಗುಂಡಿ ತೋಡಿದ, ಗುಂಡಿ ತುಂಬಿದ, ಗುಂಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಹಿರಿಯರಿಗೆ ಓಬಕ್ಕ ಬರೆಯುವುದು.

ಮೇಲೆ ಹಾಕಿದ ತಾರೀಖು ನಿಮಗೆ ಅರ್ಥವಾಗದಿದ್ದರೆ ಅದು ನನ್ನ ತಪ್ಪಲ್ಲ. ವರ್ಷಕ್ಕೆ ಒಂದೇ ಬೇಸಿಗೆ ಇದ್ದ ಕಾಲದವರು ನೀವು. ಇದ್ದ ಒಂದನ್ನೂ ನೆಟ್ಟಗೆ ಇಟ್ಟುಕೊಳ್ಳಲಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನಾನೂರ ಚಿಲ್ಲರೆ ಇಸವಿ ಎಂದು ನಮ್ಮಲ್ಲಿ ಲೆಕ್ಕ ಬಲ್ಲವರು ಹೇಳುತ್ತಾರೆ. ಆ ಚಿಲ್ಲರೆ ಎಷ್ಟೆಂಬುದರಲ್ಲಿ ಅವರಿಗೆ ಒಮ್ಮತವಿಲ್ಲ, ನನಗೆ ಆಸಕ್ತಿಯಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಬೀಳಬಹುದು. ಹಿಂದಿನವರಿಗೆ ಬರೆಯುವಾಗ ಮೊದಲು ಅದಕ್ಕಾಗಿ ಕ್ಷಮೆ ಕೇಳಬೇಕೆಂಬ ಕ್ರಮ ನಮ್ಮಲ್ಲಿದೆ. ಕೇಳಿದ್ದೇನೆ. ಇನ್ನು ಮುಂದೆ ಈ ಪತ್ರದಲ್ಲಿ ಆ ಮಾತು ಬರುವುದಿಲ್ಲ.

ಇದಕ್ಕೆ ಗುಂಡಿಪತ್ರ ಎನ್ನುತ್ತೇವೆ. ನೆಟ್ಟ ಗಿಡ ಬಿದ್ದುಹೋದರೆ ಅದರ ಗುಂಡಿಯನ್ನು ಬಗೆದು ನೋಡಿ, ಯಾಕೆ ಬಿತ್ತೆಂದು ತಿಳಿದುಕೊಂಡು, ಅಂಥ ಬುದ್ಧಿ ಯಾರಿಂದ ಬಂತೋ ಅವರಿಗೆ ನಾಲ್ಕು ಮಾತು ಬೈದು ಬರೆದು, ಆ ಬರಹವನ್ನು ಗುಂಡಿಯೊಳಗಿಟ್ಟು ಮೇಲೆ ಚಪ್ಪಡಿ ಎಳೆಯುವುದು ಪದ್ಧತಿ. ಸತ್ತವರೆಲ್ಲ ಕೆಳಗಿದ್ದಾರೆ, ಕೆಳಗಿಟ್ಟರೆ ಅವರಿಗೆ ಸಿಗುತ್ತದೆ. ಇಷ್ಟೇ ಅದರ ಹಿಂದಿನ ಯೋಚನೆ. ಬರೆಯುವ ಕೆಲಸ ಬೇರುಗಾತಿಯದು, ಅಂದರೆ ಗಿಡದ ಬೇರು ಪರೀಕ್ಷೆ ಮಾಡುವವಳದು. ಈ ಊರಿನ ಬೇರುಗಾತಿ ನಾನು. ಈ ಸಲ ಬಿದ್ದದ್ದು ನನ್ನ ಮೊಮ್ಮಗಳ ಗಿಡ. ಆದ್ದರಿಂದ ನಾಲ್ಕು ಮಾತಿಗೆ ನಿಲ್ಲುವುದಿಲ್ಲ.

ನಮ್ಮ ಊರು ಕರಿಪಟ್ಟಿ ನಿಮ್ಮ ಹೆದ್ದಾರಿಯ ಮೇಲೆಯೇ ಇದೆ. ನೀವು ಎಲ್ಲಿಂದಲೋ ಎಲ್ಲಿಗೋ ಓಡಲು ಹಾಸಿದ್ದ ಆ ಡಾಂಬರಿನ ಪಟ್ಟಿ ಈಗ ತುಂಡುತುಂಡಾಗಿ ಬಿದ್ದಿದೆ. ಅದರ ಮೇಲೆ ನವಣೆ ಒಣಗಿಸುತ್ತೇವೆ. ಒಣಗಿಸುವುದಕ್ಕೆ ಬಹಳ ಒಳ್ಳೆಯ ಜಾಗ, ಅದೊಂದನ್ನು ಒಪ್ಪಿಕೊಳ್ಳುತ್ತೇನೆ. ಸುತ್ತ ಬಂಡೆಯ ಗುಡ್ಡಗಳು, ನಡುವೆ ಕೆಂಪು ಗರಸಿನ ಬಯಲು. ಹೊತ್ತು ಏರಿದ ಮೇಲೆ ಆ ಬಯಲಿನಲ್ಲಿ ಮನುಷ್ಯರು ನಡೆದಾಡುವಂತಿಲ್ಲ. ನಡೆದು ಹೋದವರನ್ನು ಹೊತ್ತುಕೊಂಡು ಬರಬೇಕಾಗುತ್ತದೆ. ಆದ್ದರಿಂದ ನಮ್ಮಲ್ಲಿ ಮರ ಮೊದಲು, ಮನೆ ಆಮೇಲೆ. ಮರವುಳ್ಳವರು ಮೇಲುಮನೆಯಲ್ಲಿರುತ್ತಾರೆ, ಅಂದರೆ ಹೊಂಗೆಯ ನೆರಳಿನಲ್ಲಿ ಗೋಡೆ ಎಬ್ಬಿಸಿಕೊಂಡು ಗಾಳಿ ಬೆಳಕಿನಲ್ಲಿ. ಮರವಿಲ್ಲದವರು ನೆಲಮನೆಯಲ್ಲಿರುತ್ತಾರೆ, ಅಂದರೆ ಬಂಡೆಯ ಕೆಳಗೆ ಕೊರೆದ ಸಾಲು ಕೋಣೆಗಳಲ್ಲಿ. ಅಲ್ಲಿ ತಂಪಿದೆ, ಬಿಸಿಲಿನ ಭಯವಿಲ್ಲ. ಆದರೆ ಗೋಡೆ ಸದಾ ಬೆವರುತ್ತದೆ, ಹೊದ್ದ ಕಂಬಳಿ ಒಣಗುವುದಿಲ್ಲ, ಮಕ್ಕಳಿಗೆ ನೆಲಕೆಮ್ಮು ಹಿಡಿಯುತ್ತದೆ. ದೊಡ್ಡವರಿಗೆ ಬಂದು ಹೋಗುತ್ತದೆ. ಮಕ್ಕಳಲ್ಲಿ ಕೆಲವರಿಗೆ ಬಂದದ್ದು ಹೋಗುವುದಿಲ್ಲ. ದಾರಿಯಲ್ಲಿ ಎದುರಾದಾಗ ನಿಮ್ಮ ಹಾಗೆ ಊಟವಾಯಿತೇ ಎಂದು ಕೇಳುವವರು ನಾವಲ್ಲ. "ನಿಂತೈತಾ?" ಎನ್ನುತ್ತೇವೆ. "ನಿಂತೈತೆ" ಎಂದು ಉತ್ತರ ಬರುತ್ತದೆ. ನಾವು ಕೇಳುವುದು ಗಿಡವನ್ನು; ಗಿಡ ನಿಂತಿದ್ದರೆ ಉಳಿದದ್ದು ನಿಂತಿರುತ್ತದೆ.

ನಾವು ಗಿಡ ನೆಡುವ ಕ್ರಮ ಕೇಳಿದರೆ ನಿಮ್ಮಂಥ ಶ್ರೀಮಂತರಿಗೆ ನಗು ಬಂದೀತು. ಗುಂಡಿ ಬೇರಿನ ಗಡ್ಡೆಗಿಂತ ಆಳವಿರಕೂಡದು. ಅಗಲ ಎಷ್ಟಾದರೂ ಇರಲಿ. ಅಂಚು ಊಟದ ತಟ್ಟೆಯಂತೆ ಇಳಿಜಾರಾಗಿರಬೇಕು. ತೆಗೆದ ಮಣ್ಣನ್ನೇ, ಅದು ಗರಸಾಗಿರಲಿ ಕಲ್ಲುಪುಡಿಯಾಗಿರಲಿ, ತಿರುಗಿ ಹಾಕಬೇಕು. ಬೇರೆ ಏನನ್ನೂ ಬೆರೆಸುವಂತಿಲ್ಲ. ಕೊಡಬೇಕೆನಿಸಿದರೆ ಮೇಲೆ ಹೊದಿಕೆ ಕೊಡಬೇಕು: ತರಗೆಲೆ, ಒಣಹುಲ್ಲು, ಆಡಿನ ಹಿಕ್ಕೆ, ಎಲ್ಲವನ್ನೂ ಬುಡಕ್ಕೆ ತಾಗದಂತೆ ಅಗಲವಾಗಿ ಹರಡಬೇಕು. ಕಾಡಿನಲ್ಲಿ ಗೊಬ್ಬರ ಮೇಲಿಂದಲೇ ಬೀಳುತ್ತದೆ. ಗುಂಡಿ ತೋಡಿ ಒಳಗಿಡುವ ಆಳು ಅಲ್ಲಿಲ್ಲ. "ಗುಂಡಿಗೆ ಅದರದೇ ಮಣ್ಣು, ಮಿಕ್ಕಿದ್ದೆಲ್ಲ ಮೇಲಿಂದ" ಎಂಬುದನ್ನು ನಮ್ಮ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಗಿಡಕ್ಕೆ ಸ್ವಲ್ಪ ಹಸಿವಾಗಬೇಕು. ಹಸಿದ ಬೇರು ನಡೆಯುತ್ತದೆ.

ಅದು ನಡೆದಿದೆಯೋ ಇಲ್ಲವೋ ಎಂದು ನೋಡುವುದೇ ಅಲುಗುದಿನ. ನಾಲ್ಕು ಮಳೆಗಾಲ ಕಳೆದ ಗಿಡದ ಬಳಿ ಬೀದಿಯವರೆಲ್ಲ ಸೇರುತ್ತಾರೆ. ಬೇರುಗಾತಿ ಕಾಂಡಕ್ಕೆ ಎದೆಮಟ್ಟದಲ್ಲಿ ಅಂಗೈಯಿಟ್ಟು ದಬ್ಬುತ್ತಾಳೆ, ಕಣ್ಣನ್ನು ಮಾತ್ರ ಬುಡದ ಮೇಲಿಟ್ಟಿರುತ್ತಾಳೆ. ಕಾಂಡ ಬಾಗಿ ಹಿಂದಕ್ಕೆ ಬಂದರೆ ನಿಂತಿದೆ. ಬುಡದ ಮಣ್ಣು ಬಿರುಕು ಬಿಟ್ಟು ಮೇಲೆದ್ದರೆ, ತಲೆಯ ತುಂಬ ಹಸಿರಿದ್ದರೂ, ಬಿದ್ದಿದೆ ಎಂದೇ ಲೆಕ್ಕ. ಯಾಕೆಂದರೆ ನಮ್ಮ ಮುಂಗಾರಿನ ಗಾಳಿ ಅಂಗೈಯಷ್ಟು ಮೆತ್ತಗೆ ದಬ್ಬುವುದಿಲ್ಲ, ಕೆಳಗೆ ಮಲಗಿರುವವರು ಮನುಷ್ಯರು. ಗಿಡ ನಿಂತವರಿಗೆ ಅದರ ಪಕ್ಕ ಮೇಲುಮನೆ. ನೆರಳು ಹರಡುವ ತನಕ ಬೀದಿಯವರೇ ತಡಿಕೆಯ ಚಪ್ಪರ ಹಾಕಿಕೊಡುತ್ತಾರೆ. ಗಿಡ ಬಿದ್ದವರ ಜಾಗಕ್ಕೆ ಚಪ್ಪಡಿ, ಅವರು ಗಿಡದ ಜಾಗಕ್ಕೆ ಕಾಯುವವರ ಸರದಿಯ ಕೊನೆಗೆ. ಕಠಿಣ ಎನ್ನುತ್ತೀರೇನೋ. ನೀವು ಬಿಟ್ಟುಹೋದ ಬಿಸಿಲಿಗಿಂತ ಕಠಿಣವಲ್ಲ.

ಇನ್ನು ನಿಮ್ಮ ಕ್ರಮಕ್ಕೆ ಬರೋಣ. ಹೆದ್ದಾರಿಯ ಎರಡೂ ಬದಿಗೆ ನಿಮ್ಮ ಗುಂಡಿಗಳು ಸಿಗುತ್ತಲೇ ಇರುತ್ತವೆ. ಗುರುತು ಹಿಡಿಯಲು ಬೇರುಗಾತಿಯೇ ಬೇಕಿಲ್ಲ: ಸುತ್ತ ಕೆಂಪು ಗರಸು, ನಡುವೆ ಕಪ್ಪು ಮಣ್ಣಿನ ಒಂದು ಚೌಕ. ಬೇರೆ ಊರಿನ ಕೆರೆಯಿಂದ ತಂದ ಗೋಡು, ತಿಪ್ಪೆಯ ಗೊಬ್ಬರ. ಮೇಲೆ ಒಂದು ಹಿಡಿ ಬಿಳಿ ಹರಳುಗೊಬ್ಬರವನ್ನೂ ಹಾಕುತ್ತಿದ್ದಿರಂತೆ. ಎಷ್ಟೋ ಗುಂಡಿಗಳಲ್ಲಿ ಸಸಿ ಬಂದಿದ್ದ ಕರಿಯ ಪ್ಲಾಸ್ಟಿಕ್ ಚೀಲ ಇನ್ನೂ ಹಾಗೇ ಕುಳಿತಿದೆ. ಸಸಿ ಕೊಟ್ಟವನು ಅದನ್ನು ಹರಿಯಲಿಲ್ಲ, ನೆಟ್ಟವನೂ ಹರಿಯಲಿಲ್ಲ, ಸುತ್ತ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗೂ ತೋಚಲಿಲ್ಲ. ಕೂಸನ್ನು ಮೂಟೆಯೊಳಗೆ ಕಟ್ಟಿ ನಡೆ ಎಂದ ಹಾಗೆ. ಬೇರು ಕೊಳೆತು ಮಣ್ಣಾಗಿದೆ, ಚೀಲಕ್ಕೆ ಏನೂ ಆಗಿಲ್ಲ. ಅಂಥ ಒಂದರಲ್ಲಿ ನಾನು ಹೊಂಗೆಬೀಜ ಹಾಕಿಟ್ಟುಕೊಂಡಿದ್ದೇನೆ. ಕೆಲವು ಗುಂಡಿಗಳ ಪಕ್ಕ ಕಲ್ಲು ನೆಟ್ಟಿದ್ದೀರಿ. ಇಂಥವರ ಅಮೃತ ಹಸ್ತದಿಂದ ಈ ಗಿಡವನ್ನು ನೆಡಲಾಯಿತು ಎಂದು ಅದರಲ್ಲಿ ಕೊರೆಸಿದ್ದೀರಿ. ಅಮೃತ ಹಸ್ತ ಮುಟ್ಟಿದ ಗಿಡ ಏನಾಯಿತೆಂದು ಕಲ್ಲಿಗೆ ಗೊತ್ತಿಲ್ಲ. ಒಂದೇ ಗುಂಡಿಯ ಪಕ್ಕ ಒಂದರ ಹಿಂದೊಂದು ಕಲ್ಲು ಸಿಕ್ಕಿದ್ದೂ ಉಂಟು. ವರ್ಷವರ್ಷವೂ ಅದೇ ಗುಂಡಿಯಲ್ಲಿ ಹೊಸ ಗಿಡ, ಹೊಸ ಹಸ್ತ. ಹಳೆಯದು ಯಾಕೆ ಸತ್ತಿತೆಂದು ಬಗೆದು ನೋಡುವ ಅಭ್ಯಾಸ ನಿಮಗಿರಲಿಲ್ಲ. ಆ ಕಲ್ಲುಗಳ ಹಿಂಬದಿ ನುಣುಪಾಗಿದೆ. ನಮ್ಮ ಸೊಸೆಯಂದಿರು ಅದರ ಮೇಲೆ ಖಾರ ಅರೆಯುತ್ತಾರೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಸತ್ತವರ ದಡ್ಡತನ ಸತ್ತವರಿಗೆ. ಆದರೆ ನಿಮ್ಮದು ಬದುಕಿರುವವರ ಮನೆಗೂ ಬಂತು.

ನನ್ನ ಮೊಮ್ಮಗಳು ಪಾಲಮ್ಮ. ಅವಳ ಗಂಡ ಕಾಟಯ್ಯ ಆಡು ಕಾಯುವವನು, ಕೆಲಸಗಾರ, ಒಳ್ಳೆಯವನು. ಒಳ್ಳೆಯವರಿಂದ ಗಿಡಗಳಿಗೆ ಆಗಿರುವಷ್ಟು ಅನ್ಯಾಯ ಕೆಟ್ಟವರಿಂದ ಆಗಿಲ್ಲವೆಂದು ನಾನು ಯಾವಾಗಲೂ ಹೇಳುತ್ತೇನೆ. ಇಬ್ಬರಿಗೂ ನೆಲಮನೆಯ ವಾಸ. ಪಾಲಮ್ಮ ಬಸುರಿಯಾಗಿದ್ದ ವರ್ಷ ಅವರಿಗೆ ಹೊಸ ಬೀದಿಯಲ್ಲಿ ಗಿಡದ ಜಾಗ ಸಿಕ್ಕಿತು, ಅದೇ ಮಳೆಗಾಲದಲ್ಲಿ ಹೊಂಗೆಸಸಿ ನೆಟ್ಟರು. ಹುಟ್ಟಿದ್ದು ಹೆಣ್ಣು, ತಿಪ್ಪವ್ವ. ಆ ಕೂಸಿಗೆ ವರ್ಷ ತುಂಬುವ ಮೊದಲೇ ನೆಲಕೆಮ್ಮು ಹಿಡಿಯಿತು. ಈಗ ನಾಲ್ಕು ವರ್ಷದವಳು. ಬೆಳಗಿನ ತಂಪಿನಲ್ಲಿ ಒಮ್ಮೆ, ಸಂಜೆಯ ತಂಪಿನಲ್ಲಿ ಒಮ್ಮೆ ಅವಳನ್ನು ಮೇಲೆ ತರುತ್ತಾರೆ. ಇಲ್ಲಿ ಓಡಾಡುವಾಗ ಕೆಮ್ಮು ನಿಲ್ಲುತ್ತದೆ, ಮೆಟ್ಟಿಲಿಳಿದ ಕೂಡಲೇ ಶುರುವಾಗುತ್ತದೆ. ಅವಳು ಕೆಮ್ಮುವುದು ಕೇಳಿದರೆ ನನಗೆ ಕೈಯಲ್ಲಿದ್ದ ಕೆಲಸ ಮರೆತುಹೋಗುತ್ತದೆ. ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆಂದರೆ, ಗಿಡ ಬೇಗ ಬೆಳೆಯಲಿ ಎಂದು ಆ ಹುಡುಗ ಹಾತೊರೆದದ್ದರಲ್ಲಿ ತಪ್ಪಿರಲಿಲ್ಲ ಎಂಬುದು ನಿಮಗೂ ತಿಳಿದಿರಲಿ. ದಾರಿ ತೋರಿಸಿದವರದು ತಪ್ಪು.

ದಾರಿ ತೋರಿಸಿದವರು ನೀವು. ಕಾಟಯ್ಯನ ಆಡಿನ ದೊಡ್ಡಿಗೆ ಬಾಗಿಲಾಗಿ ನಿಂತಿರುವುದು ನಿಮ್ಮ ಕಾಲದ ಒಂದು ತಗಡಿನ ಬೋರ್ಡು. ಬಣ್ಣ ಹೋಗಿದೆ, ಉಬ್ಬಿ ಬಂದ ಅಕ್ಷರ ಉಳಿದಿದೆ: ಆಳವಾದ ಗುಂಡಿ ತೋಡಿ, ಕೆರೆಗೋಡು ಗೊಬ್ಬರ ತುಂಬಿ, ಗಿಡ ನೆಡಿ, ನಾಡು ಉಳಿಸಿ. ಪಕ್ಕದಲ್ಲಿ ನಗುವ ಒಂದು ಗಿಡದ ಚಿತ್ರ. ಗಿಡಕ್ಕೆ ಬಾಯಿ ಬರೆದು ನಗಿಸಿದವರು ಅದರ ಬೇರನ್ನು ಬರೆದಿಲ್ಲ, ಗಮನಿಸಿ. ದಿನಾ ಬೆಳಗ್ಗೆ ಆಡು ಬಿಡುವಾಗ, ದಿನಾ ಸಂಜೆ ಆಡು ಕೂಡುವಾಗ ಆ ಹುಡುಗ ಅದನ್ನು ಓದಿದ. ನಮ್ಮ ಮಾತು ಬರಿ ಮಾತು, ಬೋರ್ಡಿನದು ಬರೆದದ್ದು. ಬರೆದವರು ಹಿರಿಯರು, ಒಂದು ಕಾಲದಲ್ಲಿ ಆಕಾಶದಲ್ಲಿ ಹಾರಾಡುತ್ತಿದ್ದವರು. ಅಂಥವರಿಗೆ ಒಂದು ಹೊಂಗೆಗಿಡ ನೆಡಲು ಗೊತ್ತಿರಲಿಲ್ಲವೆಂದರೆ ಅವನು ಹೇಗೆ ನಂಬಿಯಾನು? ನಾನು ನೋಡದ ಹೊತ್ತು ನೋಡಿ, ಬೀದಿಯವರು ತಟ್ಟೆಯಾಕಾರ ತೆಗೆದಿದ್ದ ಗುಂಡಿಯನ್ನು ಬಾವಿಯಂತೆ ಆಳಕ್ಕೆ ಇಳಿಸಿದ. ಗರಸನ್ನು ಹೊತ್ತು ದೊಡ್ಡಿಯ ಸುತ್ತ ಬದು ಹಾಕಿದ. ಬತ್ತಿದ ಕೆರೆಯಿಂದ ಗೋಡು ತಂದು, ಆಡಿನ ಹಿಕ್ಕೆ ಬೆರೆಸಿ ತುಂಬಿದ. ಮೇಲೆ ತೋರಿಕೆಗೆ ಎರಡು ಬುಟ್ಟಿ ಗರಸು ಉದುರಿಸಿದ. ಮಗು ಕೆಮ್ಮತೊಡಗಿದ ಮೇಲೆ ಅದೂ ಸಾಲದೆ, ದೊಡ್ಡಿಯ ಗಂಜಲವನ್ನು ನೀರು ಬೆರೆಸದೆ ಬುಡಕ್ಕೆ ಸುರಿಯುತ್ತ ಬಂದ.

ಗಿಡ ಬೆಳೆಯಿತು. ಅದನ್ನು ಅಲ್ಲಗಳೆಯುವುದಿಲ್ಲ. ಅಕ್ಕಪಕ್ಕದ ಗಿಡಗಳು ಮಂಡಿಯೆತ್ತರಕ್ಕೆ ಮುನಿಸಿಕೊಂಡು ನಿಂತಿದ್ದಾಗ ಇದು ತಲೆಮೀರಿ ಹೋಯಿತು. ಎಲೆ ಅಂಗೈಯಗಲ, ಬಣ್ಣ ಕರಿಹಸಿರು, ಒಂದರ ಮೇಲೊಂದು ಕವಲು. ಬೀದಿಯವರು ಬಂದು ನೋಡಿ ಹೋದರು. "ಕಾಟಯ್ಯನ್ ಕೈಗುಣ ಕಣಕ್ಕ, ಮುಟ್ಟಿದ್ದೆಲ್ಲ ಚಿಗುರ್ತೈತೆ" ಎಂದು ನನ್ನ ಮುಂದೆಯೇ ಹೊಗಳಿದರು. ನನಗೆ ಆ ಕರಿಹಸಿರು ಹಿಡಿಸಲಿಲ್ಲ. ಬಹಳ ಮಾತಾಡುವ ಅಳಿಯನ ಹಾಗೆ ಇತ್ತು. ಎಳೆಯ ಕುಡಿಗಳಿಗೆ ಹೇನು ಮುತ್ತಿತ್ತು, ಇರುವೆ ಸಾಲುಗಟ್ಟಿತ್ತು. ಗಂಜಲ ಕುಡಿದ ಗಿಡದ ರಸ ಸಿಹಿ, ನೀರುನೀರು, ಹುಳಕ್ಕೆ ಹಬ್ಬ. ಆದರೂ ಅಲುಗುದಿನಕ್ಕೆ ಮೊದಲು ಯಾರ ಗಿಡವನ್ನೂ ಬೇರುಗಾತಿ ಕೆದಕುವಂತಿಲ್ಲ, ತನ್ನವರದನ್ನಂತೂ ಇಲ್ಲವೇ ಇಲ್ಲ. ಕಾದೆ.

ಆ ದಿನ ಪಾಲಮ್ಮ ತಿಪ್ಪವ್ವನಿಗೆ ಎಣ್ಣೆ ಹಚ್ಚಿ ಎರೆದು, ಹೊಸ ಬಟ್ಟೆ ತೊಡಿಸಿ, ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಚಪ್ಪರಕ್ಕೆ ತಡಿಕೆ ಹೆಣೆದು ತಯಾರಾಗಿತ್ತು. ಬೀದಿಯ ಯಜಮಾನ ಬೊಮ್ಮಜ್ಜ ನನ್ನನ್ನು ಪಕ್ಕಕ್ಕೆ ಕರೆದು, "ನೀನ್ ಬ್ಯಾಡ ಬುಡು ಓಬಕ್ಕ, ಮೊಮ್ಮಗಳ್ ಗಿಡ. ಪಕ್ಕದೂರ್ನಿಂದ ಕರೆಸಾನ" ಎಂದ. ಪಕ್ಕದೂರಿನವಳು ನನ್ನ ಮುಖ ನೋಡಿ ಮೆತ್ತಗೆ ದಬ್ಬುತ್ತಾಳೆ, ಬರುವ ಮುಂಗಾರಿನಲ್ಲಿ ಆ ಮರ ಕೂಸಿನ ಮೇಲೆ ಬೀಳುತ್ತದೆ ಎಂದು ನಾನು ಹೇಳಿದೆ. ಕಾಂಡಕ್ಕೆ ಅಂಗೈಯಿಟ್ಟೆ. ಇನ್ನೂ ದಬ್ಬಿರಲಿಲ್ಲ, ಬರಿ ಒರಗಿದ್ದೆ; ಬುಡದ ಸುತ್ತ ಮಣ್ಣು ರೊಟ್ಟಿಯ ಹಾಗೆ ಉಬ್ಬಿ ಬಿರಿಯಿತು. ಗಿಡ ಅಲುಗಾಡುವ ಹಲ್ಲಿನಂತೆ ಆಚೆಗೂ ಈಚೆಗೂ ಹೋಗಿ ಬಂತು. "ಬಿದ್ದೈತೆ" ಎಂದೆ. ಅದನ್ನು ಮೂರು ಸಲ ಹೇಳಬೇಕೆಂಬ ಕ್ರಮವಿದೆ, ಮೂರು ಸಲವೂ ಹೇಳಿದೆ. ಪಾಲಮ್ಮ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಮೆಟ್ಟಿಲಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೆಮ್ಮು ಕೇಳಿತು.

ಎಲ್ಲರ ಮುಂದೆ ಗುಂಡಿ ಬಗೆದೆವು. ಹಿರಿಯರೇ, ಒಳಗೆ ಏನಿತ್ತು ಗೊತ್ತೇ? ನೀವೇ ಇದ್ದಿರಿ. ಕೆಂಪು ಗರಸಿನ ನಡುವೆ ಅದೇ ಕಪ್ಪು ಚೌಕ. ಮೆತ್ತನೆಯ ಗೋಡಿನಲ್ಲಿ ಬೇರು ಗುಂಡಿಯ ಗೋಡೆಯ ತನಕ ಬಂದಿದೆ, ಅಲ್ಲಿ ಗಟ್ಟಿ ಗರಸು ತಾಗಿದೆ, ಆಚೆ ಹೋಗುವ ಕಷ್ಟ ಯಾಕೆಂದು ತಿರುಗಿದೆ, ಕೊಡ ಹೊರುವ ಸಿಂಬಿಯ ಹಾಗೆ ಸುತ್ತಿಕೊಂಡು ಸುತ್ತಿಕೊಂಡು ಅಲ್ಲೇ ಮಲಗಿದೆ. ಒಂದೇ ಒಂದು ಬೇರೂ ಗೋಡೆ ದಾಟಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಂತೆ. ಗಾದೆ ಮಾಡಿದವರೇ ಗಿಡವನ್ನು ಕೂರಿಸಿ ಉಣ್ಣಿಸಿದ್ದೀರಿ. ತಳದಲ್ಲಿ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು, ಯಾಕೆಂದರೆ ಗಟ್ಟಿ ನೆಲದಲ್ಲಿ ಮೆತ್ತನೆಯ ಗುಂಡಿ ಮಾಡಿದರೆ ಮಳೆನೀರು ಹಂಡೆಯಲ್ಲಿ ನಿಂತಂತೆ ನಿಲ್ಲುತ್ತದೆ. ಗೊಬ್ಬರ ಕೊಳೆತು ಇಳಿದ ಹಾಗೆ ಗಿಡವೂ ಕೆಳಗೆ ಕುಸಿದು, ಬುಡದ ತೊಗಟೆ ಮಣ್ಣಿನಲ್ಲಿ ಹೂತುಹೋಗಿತ್ತು. ಮೇಲುಬೇರುಗಳ ತುದಿ ಗಂಜಲದ ಉಪ್ಪಿಗೆ ಸುಟ್ಟಿತ್ತು. ಮೇಲೆ ಥಳಕು, ಒಳಗೆ ಹುಳಕು.

ಇನ್ನೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಹೊಂಗೆಯ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ, ಸಾಸಿವೆಯಷ್ಟು, ಕಡಲೆಯಷ್ಟು. ಆ ಗಂಟುಗಳಲ್ಲಿ ಅದು ಗಾಳಿಯಿಂದಲೇ ತನ್ನ ಗೊಬ್ಬರ ಮಾಡಿಕೊಳ್ಳುತ್ತದೆ. ಹೊಂಗೆ ಎಂದರೆ ತನ್ನ ಅಡುಗೆ ತಾನೇ ಮಾಡಿಕೊಂಡು ಅಕ್ಕಪಕ್ಕದವರಿಗೂ ಬಡಿಸುವ ಹೆಂಗಸು. ಅಂಥವಳ ಬಾಯಿಗೆ ನಾಲ್ಕು ವರ್ಷ ತುತ್ತಿಟ್ಟರೆ ಅವಳು ಒಲೆ ಯಾಕೆ ಹಚ್ಚುತ್ತಾಳೆ? ಕಾಟಯ್ಯನ ಹೊಂಗೆಯ ಬೇರಿನಲ್ಲಿ ಹುಡುಕಿದರೂ ಒಂದು ಗಂಟಿರಲಿಲ್ಲ. ನೀವು ಹೆದ್ದಾರಿಯ ಉದ್ದಕ್ಕೂ ಹೊಂಗೆ ನೆಟ್ಟು ಅದಕ್ಕೇ ಬಿಳಿ ಹರಳು ಉಣಿಸಿದಿರಂತೆ. ಬಾವಿಗೆ ನೀರು ಹೊತ್ತು ಹಾಕುವುದು ಎಂಬ ಮಾತು ನಿಮ್ಮನ್ನು ನೋಡಿಯೇ ಹುಟ್ಟಿರಬೇಕು.

ಕಾಟಯ್ಯ ತಲೆ ತಗ್ಗಿಸಿ ನಿಂತಿದ್ದ. "ಕೂಸು ಕೆಮ್ತೈತೆ ಕಣಜ್ಜಿ. ಜಲ್ದಿ ನೆರಳಾಗ್ಲಿ ಅಂತ ಹಾಕ್ದೆ. ದೊಡ್ಡೋರು ಬರ್ದಿರೋದು ಸುಳ್ಳಾಗ್ತೈತಾ?" ಎಂದ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ. ನಿಮಗೆ ಕಳಿಸುತ್ತಿದ್ದೇನೆ, ನೀವೇ ಕೊಡಿ.

ಗೊಬ್ಬರವನ್ನು ನಾನು ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ನಿಮಗೆ ತಪ್ಪು ತಿಳಿಯುವ ಅಭ್ಯಾಸ ಹೆಚ್ಚು. ನವಣೆಗೆ ನಾವೂ ಗೊಬ್ಬರ ಹಾಕುತ್ತೇವೆ. ಅದು ಮೂರು ತಿಂಗಳ ಬೆಳೆ, ಉಂಡು ತೆನೆ ಕೊಟ್ಟು ಹೋಗುತ್ತದೆ. ಮರ ನೂರು ವರ್ಷ ನಿಲ್ಲಬೇಕಾದದ್ದು. ಸತ್ವವೇ ಇಲ್ಲದ ನೆಲವಿದ್ದರೆ ಇಡೀ ಬೀದಿಯ ಮಣ್ಣಿಗೆ ಕೊಡಬೇಕು, ಒಂದು ಗುಂಡಿಗಲ್ಲ. ಗಣಿ ಬಗೆದ ದಿಬ್ಬಗಳಲ್ಲಿ ನಾವು ಹಾಗೆ ವರ್ಷಗಟ್ಟಲೆ ಹೊದಿಕೆ ಹಾಸಿ ಆಮೇಲೆ ನೆಟ್ಟಿದ್ದೇವೆ. ಗಿಡ ಬೇರು ಬಿಟ್ಟು ನಿಂತ ಮೇಲೆ, ಎಲೆ ಹಳದಿಯಾಗಿ ಬೇಡಿದರೆ, ಮೇಲಿಂದ, ದೂರದಿಂದ, ಸ್ವಲ್ಪ ಕೊಡಬೇಕು. ಇಷ್ಟು ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಸತ್ತ ಒಂದು ಗಿಡವನ್ನು ಕಿತ್ತು ಬೇರು ನೋಡಿದ್ದರೆ ಸಾಕಿತ್ತು. ಆದರೆ ನಿಮಗೆ ಗಿಡ ನೆಡುವ ದಿನ ಬೇಕಿತ್ತು, ಮಾರನೆಯ ದಿನ ಬೇಕಿರಲಿಲ್ಲ. ಗುಂಡಿಗೆ ಸುರಿದದ್ದನ್ನು ಪ್ರೀತಿ ಎಂದುಕೊಂಡಿರಿ. ಆ ದಿನದ ನಿಮ್ಮ ಸಮಾಧಾನಕ್ಕೆ ನೀವು ಗೊಬ್ಬರ ಹಾಕಿದ್ದು, ಗಿಡಕ್ಕಲ್ಲ.

ಸಂಜೆ ಬೀದಿಯವರು ಕೂತರು. ಚಪ್ಪಡಿ ಎಳೆದು ಅವರನ್ನು ಸರದಿಯ ಕೊನೆಗೆ ಕಳಿಸಬೇಕು ಎಂದ ಬೊಮ್ಮಜ್ಜ. ಸರದಿಯ ಕೊನೆ ಎಂದರೆ ತಿಪ್ಪವ್ವ ಮದುವೆಯ ವಯಸ್ಸಿಗೆ ಬರುವ ತನಕ ಕೆಳಗೆ, ಬಂದರೆ. ನಾನು ಒಪ್ಪಲಿಲ್ಲ. ತಪ್ಪು ಮಾಡಿದ್ದು ಬೋರ್ಡು, ನೆಲ ಅಲ್ಲ. ಜಾಗಕ್ಕೆ ಯಾಕೆ ಶಿಕ್ಷೆ ಎಂದೆ. ಹೊತ್ತು ಮುಳುಗುವ ತನಕ ಜಗಳವಾಡಿದೆ. ನನ್ನ ಬಾಯಿ ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಕಡ್ಡಿ ಮುರಿದ ಹಾಗೆ ಮಾತಾಡುವವಳು. ಕೊನೆಗೆ ಅದೇ ಜಾಗದಲ್ಲಿ ಇನ್ನೊಂದು ಸಲ ನೆಡಲಿ ಎಂದಾಯಿತು. ಕಾಟಯ್ಯ ಆ ಕಪ್ಪು ಮಣ್ಣನ್ನೆಲ್ಲ ತೆಗೆದು ಇಡೀ ಬೀದಿಯ ಮೇಲೆ ತೆಳ್ಳಗೆ ಹರಡಿದ. ದೊಡ್ಡಿಯ ಸುತ್ತ ಹಾಕಿದ್ದ ಬದುವನ್ನು ಒಡೆದು, ಅದೇ ಗರಸನ್ನು ಹೊತ್ತು ತಂದು ಗುಂಡಿಗೆ ತುಂಬಿ, ನೀರು ಬಿಟ್ಟು ಕೂರಿಸಿದ. ಬೋರ್ಡನ್ನು ಕಿತ್ತು, ಅಕ್ಷರ ಕೆಳಗಾಗಿ ಮಗುಚಿ ಆಡಿನ ನೀರಿನ ತೊಟ್ಟಿಗೆ ಮುಚ್ಚಳ ಮಾಡಿದ. ನಾಳೆ ನೆಡುತ್ತೇವೆ.

ಆದರೂ ಇನ್ನು ನಾಲ್ಕು ಮಳೆಗಾಲ. ಆ ಕೂಸಿಗೆ ಇನ್ನು ನಾಲ್ಕು ಮಳೆಗಾಲದ ಕೆಮ್ಮು ತಡೆಯುವ ಶಕ್ತಿಯಿಲ್ಲ. ಇದು ನನಗೂ ಗೊತ್ತು, ಪಾಲಮ್ಮನಿಗೂ ಗೊತ್ತು. ನಮ್ಮಲ್ಲಿ ಒಂದು ಮರಕ್ಕೆ ನಾಲ್ಕು ಜನ, ಅದಕ್ಕಿಂತ ಹೆಚ್ಚು ಇರುವಂತಿಲ್ಲ. ನನ್ನ ಹೊಂಗೆಯ ಕೆಳಗೆ ನಾನು, ಪಾಲಮ್ಮನ ಅಪ್ಪನಾದ ನನ್ನ ದೊಡ್ಡ ಮಗ, ಸೊಸೆ, ಕಿರಿಯ ಮಗ ಇದ್ದೇವೆ. ಒಬ್ಬರು ಇಳಿದರೆ ಒಬ್ಬರು ಹತ್ತಬಹುದು. ಸೋಮವಾರ ನಾನು ಇಳಿಯುತ್ತೇನೆ, ತಿಪ್ಪವ್ವ ಹತ್ತುತ್ತಾಳೆ. ಪಾಲಮ್ಮ ಅತ್ತಳು. "ಅಜ್ಜಿ, ಈ ವಯಸ್ಸಿಗೆ ಕೆಳಗೋದ್ರೆ ಮ್ಯಾಲ್ ಬರಲ್ಲ ನೀನು" ಎಂದಳು. "ಯಾರಂದೋರು? ಅಲುಗುದಿನ ಬತ್ತೀನಿ, ನಿನ್ ಗಂಡನ್ ಗಿಡ ದಬ್ಬೋಕೆ" ಎಂದೆ. ನಿಮ್ಮ ಕನಿಕರ ನನಗೆ ಬೇಡ. ನಿಮ್ಮ ಕನಿಕರ ಗುಂಡಿಗೆ ಬಿದ್ದು ಏನಾಗಿದೆಯೆಂದು ಈಗಷ್ಟೇ ಬಗೆದು ನೋಡಿದ್ದೇನೆ.

ಪದ್ಧತಿಯ ಪ್ರಕಾರ ಈ ಪತ್ರವನ್ನು ಗುಂಡಿಯಲ್ಲಿಡಬೇಕು. ಇಡುವುದಿಲ್ಲ. ಆ ಗುಂಡಿಗೆ ಈಗ ಚಪ್ಪಡಿಯಿಲ್ಲ, ಸಸಿ ಬರುತ್ತದೆ, ಕಾಗದವೂ ಗೊಬ್ಬರವೇ. ನಾಳೆ ನೆಟ್ಟಾದ ಮೇಲೆ ಇದನ್ನು ಹರಿದು, ಬುಡಕ್ಕೆ ತಾಗದಂತೆ, ತರಗೆಲೆಯ ಜೊತೆಗೆ ಮೇಲೆ ಹರಡುತ್ತೇನೆ. ಗೆದ್ದಲು ಒಂದೊಂದೇ ಅಕ್ಷರ ಹೊತ್ತು ನಿಧಾನವಾಗಿ ಕೆಳಗೆ ತರುತ್ತದೆ. ತಡವಾಗುತ್ತದೆ, ಆಗಲಿ. ನಿಮಗೆ ಅವಸರದಿಂದ ಯಾವ ಒಳ್ಳೆಯದೂ ಆದದ್ದಿಲ್ಲ. ಸಿಕ್ಕಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಕಾಲದಲ್ಲಿ ಇನ್ನೂ ಯಾರಾದರೂ ಒಂದು ಸಸಿ ಹಿಡಿದುಕೊಂಡು ಗೊಬ್ಬರದ ಬುಟ್ಟಿಯ ಪಕ್ಕ ನಿಂತಿದ್ದರೆ, ಅವರ ಕೈಯಿಂದ ಬುಟ್ಟಿ ಕಿತ್ತುಕೊಳ್ಳಿ. ಚೀಲ ಹರಿಯಿರಿ. ಫೋಟೊದವನನ್ನು ಮನೆಗೆ ಕಳಿಸಿ.

ಕಾಟಯ್ಯನಿಗೆ ಇನ್ನೂ ಪೂರ್ತಿ ಬುದ್ಧಿ ಬಂದಿಲ್ಲ. ನಿನ್ನೆ ನನ್ನ ಹತ್ತಿರ ಬಂದು, ಅಳುತ್ತ, ಮುಂದೊಂದು ದಿನ ನೀನು ಸತ್ತರೆ ನಿನ್ನನ್ನು ಆ ಗಿಡದ ಬುಡದಲ್ಲೇ ಹೂಳುತ್ತೇನೆ, ಅಜ್ಜಿಯ ಸತ್ವವೆಲ್ಲ ಅದಕ್ಕೇ ಹೋಗಲಿ ಎಂದ. ಕಪಾಳಕ್ಕೆ ಬಿಡಬೇಕೆನಿಸಿತು, ಬಿಡಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳಿ ಮುಗಿಸುತ್ತೇನೆ. ನನ್ನನ್ನು ಗಿಡದ ಹತ್ತಿರ ತರಬೇಡ. ಬೀದಿ ದಾಟಿ, ಬಯಲು ದಾಟಿ, ಆ ಗಟ್ಟಿ ಗರಸಿನಲ್ಲಿ ಎಲ್ಲಾದರೂ ಹೂಳು. ಬೇಕಿದ್ದರೆ ಗಿಡದ ಬೇರೇ ಅಲ್ಲಿಗೆ ನಡೆದುಕೊಂಡು ಬರಲಿ.